ಕೆಡವುವ ಮೊದಲು ಕಟ್ಟಿ: ಕಾಡು ನುಂಗಿದ ಗುಡಿಯ ನಕ್ಷೆ ಬಿಡಿಸುವ ಬಗೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಆಟಕ್ಕೆ ಹಾಳುಗುಡಿಯ ನಕ್ಷೆ ಬೇಕು ಎಂದಾಗ ಹೊಸಬರು ಸಾಮಾನ್ಯವಾಗಿ ನಾಲ್ಕು ಗೋಡೆ ಎಳೆಯುತ್ತಾರೆ, ಅಲ್ಲಲ್ಲಿ ಮುರಿಯುತ್ತಾರೆ, ಮೇಲೆ ಬಳ್ಳಿ ಮತ್ತು ಎಲೆ ಹರಡುತ್ತಾರೆ. ಒಂದೊಂದೇ ಎಲೆ ನೋಡಿದರೆ ಚೆಂದ. ಇಡೀ ಹಾಳೆ ನೋಡಿದರೆ ಕಾಡಿನ ಭಯವೂ ಇಲ್ಲ, ಗುಡಿಯ ಗಂಭೀರತೆಯೂ ಇಲ್ಲ. ಗೋಡೆ ಯಾಕೆ ಅಲ್ಲೇ ಕುಸಿಯಿತು, ಬಳ್ಳಿ ಯಾಕೆ ಆ ಮೂಲೆಗೇ ಹಬ್ಬಿತು ಎಂಬುದಕ್ಕೆ ಆ ನಕ್ಷೆಯಲ್ಲಿ ಕಾರಣವೇ ಇರುವುದಿಲ್ಲ. ನೋಡುವವರಿಗೆ ಆ ಕೊರತೆ ಹೆಸರಿಟ್ಟು ಹೇಳಲು ಬರದಿದ್ದರೂ ಕಣ್ಣಿಗೆ ತಟ್ಟುತ್ತದೆ.

ಹಾಗಾಗಿ ಕೆಲಸದ ಕ್ರಮವನ್ನೇ ಬದಲಿಸಬೇಕು. ಮೊದಲು ಗುಡಿಯನ್ನು ಪೂರ್ತಿ ಕಟ್ಟಿ. ಆಮೇಲೆ ಅದರ ಮೇಲೆ ಮಳೆ ಸುರಿಸಿ. ನೀರು ನಿಂತ ಸಂದಿನಲ್ಲಿ ಬೀಜ ಮೊಳೆಯುತ್ತದೆ, ಬೇರು ಇಳಿದಲ್ಲಿ ಕಲ್ಲು ಸರಿಯುತ್ತದೆ, ಕಲ್ಲು ಸರಿದಲ್ಲಿ ಛಾವಣಿ ಬೀಳುತ್ತದೆ, ಛಾವಣಿ ಬಿದ್ದಲ್ಲಿ ಬೆಳಕು ಬಂದು ಇನ್ನಷ್ಟು ಗಿಡ ಏಳುತ್ತದೆ. ಈ ಸರಪಳಿಯನ್ನು ಕೈಯಲ್ಲಿ ಹಿಡಿದರೆ ಎಲ್ಲಿ ಏನು ಬಿಡಿಸಬೇಕೆಂಬ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಗೆಹರಿಯುತ್ತವೆ.

ಇದನ್ನು ಕಲಿಯಲು ಕಲಬುರಗಿ, ಬೀದರ್, ಯಾದಗಿರಿಯ ನೆಲ ಒಳ್ಳೆಯ ಪಾಠಶಾಲೆ. ಶಹಾಬಾದಿನ ಪದರುಗಲ್ಲು, ಬೀದರಿನ ಕೆಂಗಲ್ಲು, ಅದರಡಿಯ ಕರಿಗಲ್ಲು, ಯಾದಗಿರಿ ಗುಡ್ಡಗಳ ಬೆಣಚುಗಲ್ಲು (ಗ್ರಾನೈಟ್), ಇಷ್ಟೂ ಒಂದು ದಿನದ ಬಸ್ ಪ್ರಯಾಣದಲ್ಲಿ ಸಿಗುತ್ತವೆ. ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಗುಡಿಗಳಿವೆ: ಜಲಸಂಗವಿ, ಬಸವಕಲ್ಯಾಣದ ಹತ್ತಿರದ ನಾರಾಯಣಪುರ, ಶಹಾಪುರ ತಾಲ್ಲೂಕಿನ ಶಿರವಾಳ. ಚಿಂಚೋಳಿಯ ಕಾಡೂ ಇದೆ.

ಅಳತೆ

ಚೌಕಾಬಾರ ಆಡಿದವರಿಗೆ ಮನೆ ಎಂದರೆ ಏನೆಂದು ಹೇಳಬೇಕಿಲ್ಲ. ಇಲ್ಲಿಯೂ ಅದೇ ಪದ ಸಾಕು. ಈ ಬಗೆಯ ಆಟಗಳಲ್ಲಿ ಒಂದು ಮನೆ, ಅಂದರೆ ನಕ್ಷೆಯ ಒಂದು ಚೌಕ, ಎಂದರೆ ಸಾಮಾನ್ಯವಾಗಿ 5 ಅಡಿ ಉದ್ದ, 5 ಅಡಿ ಅಗಲ. ನಕ್ಷೆಯನ್ನು 28 ಮನೆ ಅಗಲ, 36 ಮನೆ ಎತ್ತರ ಇಟ್ಟುಕೊಳ್ಳಿ. ಅಂದರೆ 140 ಅಡಿಗೆ 180 ಅಡಿಯ ಜಾಗ. ಬಿಡಿಸುವಾಗ ಒಂದು ಮನೆಗೆ 140 ಪಿಕ್ಸೆಲ್ ಇರಲಿ. ಹಾಳೆ 3920ಕ್ಕೆ 5040 ಪಿಕ್ಸೆಲ್ ಆಗುತ್ತದೆ. ಚಿತ್ರ ಬಿಡಿಸುವ ತಂತ್ರಾಂಶಗಳಾದ ಕ್ರಿತಾ, ಗಿಂಪ್ ಎರಡೂ ಉಚಿತ, ಎರಡರಲ್ಲೂ ಈ ಕೆಲಸ ಆಗುತ್ತದೆ.

ಗುಡಿಯ ಲೆಕ್ಕ ಹಿಂಗೋಡೆಯಿಂದ ಶುರುವಾಗಲಿ. ಹಿಂಗೋಡೆ 1 ಮನೆ, ಗರ್ಭಗುಡಿ 2, ಅಂತರಾಳ (ಗರ್ಭಗುಡಿಯ ಮುಂದಿನ ಕಿರುಕೋಣೆ) 2, ನವರಂಗ (ಕಂಬಗಳ ನಡುಮಂಟಪ) 6, ಮುಂಗೋಡೆ 1, ಮುಖಮಂಟಪ 4. ಒಟ್ಟು 16 ಮನೆ, 80 ಅಡಿ ಉದ್ದ. ನವರಂಗದ ಒಳ ಅಗಲ 6 ಮನೆ, ಎರಡು ಬದಿಯ ಗೋಡೆ ಸೇರಿ 8. ಸುತ್ತಲೂ 2 ಮನೆ ಅಗಲದ ಜಗತಿ (ಗುಡಿ ನಿಂತ ಕಟ್ಟೆ) ಬಿಟ್ಟರೆ ಇಡೀ ಕಟ್ಟಡ 12 ಮನೆ ಅಗಲ, 20 ಮನೆ ಉದ್ದ. ನಿಜವಾದ ಗುಡಿಗಳಲ್ಲಿ ಗರ್ಭಗುಡಿ ಇದಕ್ಕಿಂತ ಇಕ್ಕಟ್ಟಾಗಿರುವುದೇ ಹೆಚ್ಚು. ಆದರೆ 10 ಅಡಿಗಿಂತ ಕಿರಿದು ಮಾಡಿದರೆ ಒಳಗೆ ನಾಲ್ಕು ಕಾಯಿ ನಿಲ್ಲುವುದಿಲ್ಲ, ಆಟವೇ ಕಟ್ಟಿಹೋಗುತ್ತದೆ. ಗೋಡೆಯನ್ನು ಮಾತ್ರ ತೆಳ್ಳಗೆ ಮಾಡಬೇಡಿ. ಕಲ್ಲುಗುಡಿಯ ಗೋಡೆ ಒಳಗೊಂದು ಹೊರಗೊಂದು ಮೈ ಇಟ್ಟು ನಡುವೆ ಜಲ್ಲಿ ತುಂಬಿದ್ದು. ಮನೆಯ ಇಟ್ಟಿಗೆ ಗೋಡೆಯಂತೆ ಗೆರೆ ಎಳೆದರೆ ಗುಡಿಯ ಭಾರವೇ ಹೋಗುತ್ತದೆ.

ನವರಂಗಕ್ಕೆ ಒಂಬತ್ತು ಅಂಕಣ, ಅಂದರೆ ಕಂಬಗಳ ನಡುವಿನ ಖಾನೆ. 6 ಮನೆಯನ್ನು ಮೂರರಿಂದ ಭಾಗಿಸಿದರೆ ಒಂದೊಂದು ಅಂಕಣ ಸರಿಯಾಗಿ 2 ಮನೆಗೆ 2 ಮನೆ. ನಡು ಅಂಕಣದ ನಾಲ್ಕು ಮೂಲೆಗೆ ನಾಲ್ಕು ಕಂಬ. ಕಂಬವನ್ನು ಮನೆಯೊಳಗೆ ಕೂರಿಸದೆ ಗೆರೆಗಳು ಕೂಡುವ ಚುಕ್ಕಿಯ ಮೇಲೆ ಕೂರಿಸಿ. 2 ಅಡಿ ದಪ್ಪದ ಕಂಬ 56 ಪಿಕ್ಸೆಲ್ ಆಗುತ್ತದೆ, ಸುತ್ತಲ ನಾಲ್ಕೂ ಮನೆಯಿಂದ ಒಂದು ಚೂರು ತಿನ್ನುತ್ತದೆ, ಆದರೆ ಯಾವ ಮನೆಯೂ ಹಾಳಾಗುವುದಿಲ್ಲ. ಕಂಬವನ್ನು ಮನೆಯ ನಡುವೆ ಇಟ್ಟ ನಕ್ಷೆಯಲ್ಲಿ ಆಟಗಾರರು ಪ್ರತಿ ಸಲ ‘ಇಲ್ಲಿ ನಿಲ್ಲಬಹುದಾ’ ಎಂದು ಕೇಳುತ್ತಾರೆ.

ಪಶ್ಚಿಮ ಮೇಲಕ್ಕೆ

ಉತ್ತರವನ್ನು ಮೇಲಿಡುವುದು ಭೂಪಟದ ರೂಢಿ. ಈ ನಕ್ಷೆಗೆ ಪಶ್ಚಿಮವನ್ನು ಮೇಲಿಡಿ. ಇದಕ್ಕೆ ಎರಡು ಗಟ್ಟಿ ಕಾರಣಗಳಿವೆ.

ಬೆಳಕು ಮೇಲಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ನಂಬಿ ಕೂತಿರುತ್ತದೆ. ಹಾಳೆಯಲ್ಲಿ ಬೆಳಕು ಕೆಳಗಿನ ಬಲಮೂಲೆಯಿಂದ ಬಂದರೆ ಹೊಂಡ ದಿಬ್ಬದಂತೆ ಕಾಣುತ್ತದೆ, ದಿಬ್ಬ ಹೊಂಡದಂತೆ. ಕಲ್ಯಾಣಿಯ ಮೆಟ್ಟಿಲುಗಳು ಮೇಲೇರಿ ನಿಂತ ಗೋಪುರವಾಗಿಬಿಡುತ್ತವೆ. ಅದಕ್ಕೇ ಬೆಳಕು ಮೇಲಿನ ಎಡಮೂಲೆಯಿಂದ ಬರಬೇಕೆಂಬ ನಿಯಮ. ಉತ್ತರ ಮೇಲಿದ್ದರೆ ಆ ಮೂಲೆ ವಾಯವ್ಯ. ನಮ್ಮ 17 ಡಿಗ್ರಿ ಅಕ್ಷಾಂಶದಲ್ಲಿ ಬಿಸಿಲು ಆ ಕಡೆಗೆ ವಾಲುವುದು ಬೇಸಿಗೆ, ಮಳೆಗಾಲದ ಸಂಜೆ ಮಾತ್ರ. ಪಶ್ಚಿಮ ಮೇಲಿದ್ದರೆ ಅದೇ ಮೂಲೆ ನೈಋತ್ಯವಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ 4 ಗಂಟೆಗೆ ಕಲಬುರಗಿಯ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 35 ಡಿಗ್ರಿ ದಕ್ಷಿಣಕ್ಕೆ, ನೆಲದಿಂದ ಸುಮಾರು 23 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಹಾಳೆಯ ಮೇಲೆ ಅದು ನೆತ್ತಿಯಿಂದ 35 ಡಿಗ್ರಿ ಎಡಕ್ಕೆ. ಕಣ್ಣಿಗೆ ಬೇಕಾದ ಬೆಳಕೂ ನಿಜವಾದ ಬೆಳಕೂ ಅಲ್ಲಿ ಕೂಡಿಕೊಳ್ಳುತ್ತವೆ.

ಇನ್ನೊಂದು ಕಾರಣ ಗುಡಿಯದೇ. ಪೂರ್ವಕ್ಕೆ ಮುಖ ಮಾಡಿದ ಗುಡಿಯ ಬಾಗಿಲು ಹಾಳೆಯ ಕೆಳಗೆ ಬರುತ್ತದೆ, ಗರ್ಭಗುಡಿ ಮೇಲೆ. ಆಟಗಾರರು ತಾವು ಕೂತ ಕಡೆಯಿಂದಲೇ ಒಳಗೆ ಹೋಗುತ್ತಾರೆ. ಸಂಜೆಯ ಬಿಸಿಲು ಗುಡಿಯ ಬೆನ್ನಿಗೆ ಬೀಳುವುದರಿಂದ ಮುಖಮಂಟಪ ನೆರಳಿನಲ್ಲಿರುತ್ತದೆ. ಒಳಗೆ ಕಾಲಿಡುವಾಗಲೇ ಕತ್ತಲು ಎದುರಾಗುತ್ತದೆ.

ಈಗ ಉಳಿದದ್ದೂ ಸಾಲಾಗಿ ಕೂಡಿಬರುತ್ತದೆ. ಉತ್ತರ ಬಲಕ್ಕೆ ಬಂತು. ಅಭಿಷೇಕದ ನೀರು ಹೊರಬರುವ ಪ್ರನಾಳ ಪೂರ್ವಮುಖದ ಗುಡಿಯಲ್ಲಿ ಉತ್ತರ ಗೋಡೆಗೆ ಇರುತ್ತದೆ, ಅಂದರೆ ಬಲಗಡೆ. ನೀರಿಗೆ ಈಶಾನ್ಯ ಎಂಬ ರೂಢಿಯಂತೆ ಕಲ್ಯಾಣಿ ಕೆಳಗಿನ ಬಲಮೂಲೆಗೆ. ಗುಡಿಯ ನೆರಳೂ ಅದೇ ಕಡೆಗೆ ಬೀಳುತ್ತದೆ. ತೇವ, ನೆರಳು, ಇಳಿಜಾರು ಮೂರೂ ಒಂದೇ ಕರ್ಣದ ಮೇಲೆ. ಹಾಗಾಗಿ ಗುಡಿಯನ್ನು ಹಾಳೆಯ ನಟ್ಟನಡುವೆ ಇಡಬೇಡಿ: ಜಗತಿಯ ಎಡಕ್ಕೆ 4 ಮನೆ, ಬಲಕ್ಕೆ 12 ಮನೆ, ಮೇಲೆ 5, ಕೆಳಗೆ 11. ಬಲಕ್ಕೆ ಉಳಿದ ಜಾಗದಲ್ಲಿ 8 ಮನೆಗೆ 8 ಮನೆಯ ಕಲ್ಯಾಣಿ ಆರಾಮವಾಗಿ ಕೂರುತ್ತದೆ.

ನೆರಳಿನ ಉದ್ದಕ್ಕೆ ಮಾತ್ರ ಸ್ವಲ್ಪ ಸುಳ್ಳು ಬೇಕು. 23 ಡಿಗ್ರಿಯಲ್ಲಿ ನೆರಳು ವಸ್ತುವಿನ ಎತ್ತರದ ಸುಮಾರು 2.4 ಪಟ್ಟು. 12 ಅಡಿಯ ಗೋಡೆಯ ನೆರಳು 29 ಅಡಿ, ಹತ್ತಿರ ಹತ್ತಿರ 6 ಮನೆ; ಹಾಗೇ ಬಿಡಿಸಿದರೆ ಅರ್ಧ ನಕ್ಷೆ ಕಪ್ಪಾಗುತ್ತದೆ. ಎಲ್ಲ ನೆರಳನ್ನೂ ಅರ್ಧಕ್ಕಿಳಿಸಿ, ಎತ್ತರದ 1.2 ಪಟ್ಟು ಇಡಿ. ಸುಳ್ಳು ಎಲ್ಲ ಕಡೆ ಒಂದೇ ಅಳತೆಯಲ್ಲಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗೋಡೆಗೊಂದು, ಕಂಬಕ್ಕೊಂದು, ಮರಕ್ಕೊಂದು ಅಳತೆಯಾದರೆ ತಕ್ಷಣ ಗೊತ್ತಾಗುತ್ತದೆ.

ಯಾವ ಕಲ್ಲು, ಹೇಗೆ ಒಡೆಯುತ್ತದೆ

ಬಣ್ಣ ಹಚ್ಚುವ ಮೊದಲು ಕಲ್ಲನ್ನು ಆರಿಸಿ, ಯಾಕೆಂದರೆ ಒಡೆಯುವ ರೀತಿಯೇ ಬೇರೆ. ಶಹಾಬಾದ್ ಕಲ್ಲು, ನಮ್ಮ ಮನೆಗಳ ಫರ್ಸಿ, ಪದರು ಪದರಾಗಿ ಏಳುತ್ತದೆ. ಬೇರು ಕೆಳಗೆ ನುಗ್ಗಿದರೆ ಚಪ್ಪಡಿ ಒಂದು ಅಂಚು ಎತ್ತಿ ಹಲಗೆಯಂತೆ ವಾರೆಯಾಗುತ್ತದೆ. ಮೂಲೆ ಮುರಿದರೆ ನೇರ ಗೆರೆಯಲ್ಲಿ ಮುರಿಯುತ್ತದೆ. ಬೀದರಿನ ಕೆಂಗಲ್ಲು ತೂತುತೂತು. ಅದರ ಅಂಚು ಚೂಪಾಗಿ ಉಳಿಯುವುದೇ ಇಲ್ಲ, ಸವೆದು ದುಂಡಗಾಗಿ ಕೆಂಪು ಮೊರಂ ಮಣ್ಣಾಗುತ್ತದೆ. ಮಳೆ ಆ ಮಣ್ಣನ್ನು ಕೊಚ್ಚಿ ಇಳಿಜಾರಿನುದ್ದಕ್ಕೂ ಕೆಂಪು ಕಲೆ ಬಿಡುತ್ತದೆ. ಕರಿಗಲ್ಲು ಕೋನಕೋನವಾಗಿ ಒಡೆಯುತ್ತದೆ; ಬಹುಕಾಲ ಬಿಸಿಲು ಮಳೆ ತಿಂದದ್ದು ಈರುಳ್ಳಿ ಸಿಪ್ಪೆಯಂತೆ ಪದರು ಕಳಚುತ್ತದೆ. ಯಾದಗಿರಿಯ ಬೆಣಚು ದೊಡ್ಡ ದುಂಡು ಬಂಡೆಗಳನ್ನು ಉಳಿಸುತ್ತದೆ.

ಒಂದೇ ನಕ್ಷೆಯಲ್ಲಿ ಎರಡು ಕಲ್ಲು ಸಾಕು: ಕಟ್ಟಡಕ್ಕೆ ಕರಿಗಲ್ಲು, ನೆಲಹಾಸಿಗೆ ಫರ್ಸಿ. ಮೂರನೆಯದು ಬಂದರೆ ಕಣ್ಣು ಕಲ್ಲುಗಳನ್ನು ಎಣಿಸುತ್ತ ಕೂರುತ್ತದೆ. ಕರಿಗಲ್ಲಿಗೆ 62, 64, 66 ರ ಸುತ್ತಮುತ್ತಲ ಕೆಂಪು, ಹಸಿರು, ನೀಲಿಯ ಪ್ರಮಾಣ, ಅಂದರೆ ಆರ್‌ಜಿಬಿ, ಫರ್ಸಿಗೆ 140, 138, 126 ರ ಸುತ್ತಮುತ್ತ ಇಟ್ಟು ಶುರುಮಾಡಿ. ಫರ್ಸಿಯ ಚಪ್ಪಡಿ ಗೆರೆಗಳನ್ನು ಆಟದ ಮನೆಯ ಗೆರೆಗಳಿಗೆ ಸರಿಯಾಗಿ ಕೂಡಿಸಬೇಡಿ. ಎರಡೂ ಒಂದೇ ಆದರೆ ನೆಲ ಲೆಕ್ಕದ ಪುಸ್ತಕದ ಹಾಳೆಯಂತೆ ಕಾಣುತ್ತದೆ. ಚಪ್ಪಡಿ 3 ಅಡಿಗೆ 2 ಅಡಿ ಇರಲಿ, ಸಾಲಿನಿಂದ ಸಾಲಿಗೆ ಸಂದು ತಪ್ಪಲಿ.

ಕೆಡಹುವುದು

ಗುಡಿಯಲ್ಲಿ ಮೊದಲು ಸೋಲುವ ಜಾಗ ಯಾವುದು? ಶಿಖರದ ಮುಂಭಾಗ ಬಂದು ಮಂಟಪದ ಛಾವಣಿಗೆ ತಾಗುವ ಮೂಲೆ. ಎರಡು ಇಳಿಜಾರು ಕೂಡುವ ಆ ಕಣಿವೆಯಲ್ಲಿ ನೀರು, ದೂಳು, ಒಣಗಿದ ಎಲೆ ನಿಲ್ಲುತ್ತವೆ. ಹಣ್ಣು ತಿಂದ ಹಕ್ಕಿ ಅಲ್ಲಿ ಕೂತು ಅರಳಿ ಅಥವಾ ಬಸರಿಯ ಬೀಜ ಬಿಡುತ್ತದೆ. ಹಾಗಾಗಿ ನಿಮ್ಮ ದೊಡ್ಡ ಮರದ ಬುಡ ಅಂತರಾಳದ ಮೇಲೆ, ತುಸು ಬಲಕ್ಕೆ ಇರಲಿ. ಅದರ ಬೇರು ಅಂತರಾಳದ ಬಾಗಿಲವಾಡವನ್ನು ಅರ್ಧ ಮುಚ್ಚುತ್ತದೆ. 2 ಮನೆಯ ದಾರಿ 1 ಮನೆಯಾಗುತ್ತದೆ. ಆಟದ ಅತಿ ಬಿಗಿಯಾದ ಜಾಗ ಹೀಗೆ ಕಾರಣ ಸಮೇತ ಸಿಕ್ಕಿತು.

ನಂತರ ಬೀಳುವುದು ನವರಂಗದ ನಡು ಛಾವಣಿ. ಇಲ್ಲಿ ಕಲ್ಲಿನ ಲೆಕ್ಕ ಇಡಿ. 10 ಅಡಿಗೆ 10 ಅಡಿಯ ಛಾವಣಿ, 1 ಅಡಿ ದಪ್ಪ ಎಂದರೆ 100 ಘನ ಅಡಿ ಕಲ್ಲು. ಒಡೆದು ರಾಶಿಯಾದ ಕಲ್ಲಿನ ನಡುವೆ ಪೊಳ್ಳು ಉಳಿಯುವುದರಿಂದ ಅದು ಒಂದೂವರೆ ಪಟ್ಟು ಉಬ್ಬುತ್ತದೆ, 150 ಘನ ಅಡಿ. ನಡು ಅಂಕಣದ 4 ಮನೆಯಲ್ಲಿ ಅದು ಒಂದೂವರೆ ಅಡಿ ಎತ್ತರದ ದಿಬ್ಬ. ದಾಟಬಹುದು, ಓಡಲಾಗದು. ಹೆಚ್ಚಿನ ನಕ್ಷೆಗಳಲ್ಲಿ ಛಾವಣಿ ಪೂರ್ತಿ ಹೋಗಿರುತ್ತದೆ, ಕೆಳಗೆ ಮಾತ್ರ ನಾಲ್ಕು ಉಂಡೆಕಲ್ಲು ಬಿದ್ದಿರುತ್ತವೆ. ಉಳಿದ ಕಲ್ಲು ಎಲ್ಲಿ ಹೋಯಿತು?

ಮುರಿದ ತೊಲೆಯೊಂದನ್ನು ಹತ್ತಿರದಿಂದ ನೋಡೋಣ. ಕಲ್ಲು ಒತ್ತಡ ತಡೆಯುತ್ತದೆ, ಎಳೆತ ತಡೆಯದು. ಎರಡು ಕಂಬದ ಮೇಲೆ ಮಲಗಿದ ತೊಲೆಯ ಅಡಿಮೈ ನಡುವಿನಲ್ಲಿ ಹೆಚ್ಚು ಎಳೆಸಿಕೊಳ್ಳುತ್ತದೆ, ಹಾಗಾಗಿ ಬಿರುಕು ಅಲ್ಲಿಂದ ಮೇಲಕ್ಕೆ ಏರುತ್ತದೆ. ತೊಲೆ ನಡುವೆ ಎರಡಾಗಿ, ಮುರಿದ ತುದಿಗಳು ನೆಲಕ್ಕೆ ಬಡಿದು, ಹೊರತುದಿಗಳು ಕಂಬಕ್ಕೆ ಆನಿಕೊಂಡು ನಿಲ್ಲುತ್ತವೆ. ಮೇಲಿಂದ ನೋಡಿದರೆ ಸುಮಾರು 5 ಅಡಿಯ ಎರಡು ತುಂಡು, ನಡುವೆ ಒಂದಡಿ ಅಂತರ, ಒಂದು ತುಂಡು ನಾಲ್ಕೈದು ಡಿಗ್ರಿ ಓರೆ. ನೆರಳು ಇಡುವಾಗ ಗಮನಿಸಿ: ಮುರಿದ ತುದಿಯ ಬಳಿ ಕಲ್ಲು ನೆಲಕ್ಕೆ ತಾಗಿದೆ, ಅಲ್ಲಿ ನೆರಳು ಕೂದಲೆಳೆಯಷ್ಟು. ಕಂಬದ ಕಡೆಗೆ ಹೋದಂತೆ ನೆರಳು ಕಲ್ಲಿನಿಂದ ದೂರ ಸರಿಯುತ್ತ ಅಗಲವಾಗುತ್ತದೆ. ಈ ಒಂದು ತ್ರಿಕೋನ ನೆರಳಿನಿಂದಲೇ ಕಲ್ಲು ಎದ್ದು ನಿಂತಂತೆ ಕಾಣುತ್ತದೆ. ಸುತ್ತ ಸಮನಾಗಿ ಕಪ್ಪು ಅಂಚು ಹಾಕುವ ರೆಡಿಮೇಡ್ ನೆರಳಿನಿಂದ ಅದು ಎಂದೂ ಬರದು.

ಛಾವಣಿಯ ಸೀಳಿನಿಂದ ಬರುವ ಬೆಳಕಿನಲ್ಲೂ ಬಹಳ ಜನ ತಪ್ಪುತ್ತಾರೆ. ಬೆಳಕಿನ ಚೌಕವನ್ನು ಸೀಳಿನ ನೇರ ಕೆಳಗೆ, ಕಲ್ಲುರಾಶಿಯ ಮೇಲೆ ಇಡುತ್ತಾರೆ. ಸೂರ್ಯ ನಡುನೆತ್ತಿಯಲ್ಲಿದ್ದರೆ ಅದು ಸರಿ. ನಮ್ಮ ಸಂಜೆಯ ಬಿಸಿಲಿನಲ್ಲಿ 10 ಅಡಿ ಎತ್ತರದ ಛಾವಣಿಯಿಂದ ಇಳಿದ ಬೆಳಕು, ಅರ್ಧಕ್ಕಿಳಿಸಿದ ಲೆಕ್ಕದಲ್ಲೂ, 2 ಮನೆ ಕೆಳಕ್ಕೆ, ಒಂದೂವರೆ ಮನೆ ಬಲಕ್ಕೆ ಸರಿಯುತ್ತದೆ. ರಾಶಿ ನಡು ಅಂಕಣದಲ್ಲಿ, ಬೆಳಕು ಈಶಾನ್ಯದ ಅಂಕಣದಲ್ಲಿ. ಬೆಳಕು ಬಿದ್ದ ಆ ನಾಲ್ಕು ಮನೆಯಲ್ಲಿ ಮಾತ್ರ ಹುಲ್ಲು ಎದ್ದಿರಲಿ. ನವರಂಗದ ಉಳಿದ ನೆಲದಲ್ಲಿ ಬಾವಲಿಯ ಹಿಕ್ಕೆ, ದೂಳು, ಗಾಳಿ ತಂದ ಎಲೆ ಇದ್ದರೆ ಸಾಕು, ಹಸಿರು ಬೇಡ. ಬಿಸಿಲು ಕಾಣದ ಕಲ್ಲಿನ ಮೇಲೆ ಹುಲ್ಲು ಹಚ್ಚುವುದು ಹಾಳುಗುಡಿ ನಕ್ಷೆಗಳ ಅತಿ ಸಾಮಾನ್ಯ ದೋಷ.

ನೀರಿನ ದಾರಿ

ಹೊಸ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರ) ತೆರೆದು ನೀಲಿ ಗೆರೆಯಲ್ಲಿ ನೀರಿನ ದಾರಿ ಎಳೆಯಿರಿ. ಕೊನೆಗೆ ಇದನ್ನು ಅಳಿಸುತ್ತೀರಿ, ಆದರೆ ಅಲ್ಲಿಯವರೆಗೆ ಇದೇ ನಿಮ್ಮ ಗುರು. ಬಿರುಕುಬಿಟ್ಟ ಶಿಖರದಿಂದ ಮಳೆ ಗರ್ಭಗುಡಿಗೆ ಇಳಿಯುತ್ತದೆ. ಅಭಿಷೇಕ ನಿಂತು ಎಷ್ಟೋ ಕಾಲವಾಗಿದ್ದರೂ ಪ್ರನಾಳ ಇನ್ನೂ ತನ್ನ ಕೆಲಸ ಮಾಡುತ್ತಿದೆ, ಆ ಮಳೆನೀರನ್ನು ಉತ್ತರ ಗೋಡೆಯಿಂದ ಜಗತಿಗೆ ಬಿಡುತ್ತದೆ. ಅಲ್ಲಿಂದ ಜಗತಿಯ ಅಂಚು, ಅಲ್ಲಿಂದ ಕೆಳಗಿನ ಬಲಮೂಲೆಯ ಕಲ್ಯಾಣಿ.

ಪ್ರನಾಳದ ಕೆಳಗಿನ ಒಂದೇ ಮನೆಯನ್ನು, 140 ಪಿಕ್ಸೆಲನ್ನು, ಪೂರ್ತಿ ದುಡಿದು ಬಿಡಿಸಿ. ನೀರು ನೇರ ಬಡಿಯುವ ಚುಕ್ಕಿಯಲ್ಲಿ ಕಲ್ಲು ಬರಿದು, ಸವೆದು ಬಟ್ಟಲಿನಷ್ಟು ತಗ್ಗು. ಅಲ್ಲಿ ಹಾವಸೆ ನಿಲ್ಲದು. ಅದರ ಸುತ್ತ ಒಂದು ಗೇಣು ಅಗಲಕ್ಕೆ ಕಡುಹಸಿರು ಹಾವಸೆಯ ಉಂಗುರ. ಉಂಗುರದ ಹೊರಗೆ ಸಂದುಗಳಲ್ಲಿ ಮಾತ್ರ ಜರಿಗಿಡ, ಚಪ್ಪಡಿಯ ನಡುಮೈಯಲ್ಲಿ ಇಲ್ಲ. ಇನ್ನೂ ಆಚೆ ಹಾವಸೆ ಒಣಗಿ ಕರಿಕಲೆಯಾಗಿ ಉಳಿದಿರುತ್ತದೆ. ಬರಿಗಲ್ಲು, ಹಸಿರು, ಸಂದಿನ ಗಿಡ, ಕರಿಕಲೆ ಎಂಬ ಈ ಕ್ರಮ ಒಮ್ಮೆ ಕೈಗೆ ಬಂದರೆ ಜಗತಿಯ ಅಂಚಿಗೂ ಕಲ್ಯಾಣಿಯ ಮೆಟ್ಟಿಲಿಗೂ ಇದನ್ನೇ ಹಿಗ್ಗಿಸಿ ಕುಗ್ಗಿಸಿ ಬಳಸಬಹುದು.

ಕಲ್ಯಾಣಿಗೆ 1 ಅಡಿ ಅಗಲದ ಮೆಟ್ಟಿಲು ಎಂದರೆ ಮನೆಗೆ ಐದು, ಒಂದೊಂದು 28 ಪಿಕ್ಸೆಲ್. ಇಳಿದಂತೆಲ್ಲ ಒಂದೊಂದು ಮೆಟ್ಟಿಲನ್ನು ನೂರಕ್ಕೆ ನಾಲ್ಕರಷ್ಟು ಕಪ್ಪು ಮಾಡುತ್ತ ಹೋಗಿ. ನೀರಿಗೆ ನೀಲಿ ಬೇಡ. ಕಾಡಿನ ನಡುವಿನ ನಿಂತ ನೀರು ಮರದ ಬಣ್ಣ ಹೊತ್ತಿರುತ್ತದೆ, ಕಪ್ಪು ಹಸಿರು. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುವುದರಿಂದ ತೇಲುವ ಪಾಚಿ, ಅಂತರಗಂಗೆ ಎಲ್ಲ ನೈಋತ್ಯ ಮೂಲೆಗೆ, ಅಂದರೆ ಕಲ್ಯಾಣಿಯ ಮೇಲಿನ ಎಡಮೂಲೆಗೆ ಗುಂಪಾಗಿರಲಿ. ನೀರಿನ ತುಂಬ ಸಮನಾಗಿ ಎಲೆ ಹರಡಿದರೆ ನೀರಿದೆ ಎಂಬುದೇ ಮರೆತುಹೋಗುತ್ತದೆ.

ಬೇರು ಮತ್ತು ಕಾಡು

ಬೇರು ಬಿಡಿಸುವಾಗ ದಪ್ಪದ ನಿಯಮ ಒಂದೇ. ಒಂದು ಬೇರು ಎರಡಾಗಿ ಒಡೆದರೆ ಒಂದೊಂದು ಮರಿಯ ದಪ್ಪ ತಾಯಿಬೇರಿನ 0.7 ಪಟ್ಟು. 60 ಪಿಕ್ಸೆಲ್ ಬೇರು 42 ರ ಎರಡು, ಅವು 29 ರ ನಾಲ್ಕು, ಆಮೇಲೆ 20 ರ ಎಂಟು. ಹೀಗೆ ಇಳಿದರೆ ಬೇರು ಜೀವಂತ ಕಾಣುತ್ತದೆ. ಬುಡದಿಂದ ತುದಿಯವರೆಗೆ ಒಂದೇ ದಪ್ಪವಾದರೆ ಹಗ್ಗ. ದಾರಿಯ ನಿಯಮ ಇನ್ನೂ ಮುಖ್ಯ: ಬೇರು ತೇವ ಹುಡುಕುತ್ತದೆ. ಗೋಡೆಯ ಬುಡದುದ್ದಕ್ಕೂ, ಚಪ್ಪಡಿಯ ಸಂದಿನುದ್ದಕ್ಕೂ ಹೋಗುತ್ತದೆ, ಬಿಸಿಲಿಗೆ ಕಾದ ಬರಿ ಚಪ್ಪಡಿಯ ಮೇಲೆ ಅಡ್ಡ ಹಾಯುವುದು ಅಪರೂಪ. ಅಡ್ಡ ಹಾಯಿಸಲೇಬೇಕಾದರೆ ಕೆಳಗಿನ ಚಪ್ಪಡಿಯನ್ನು ಒಡೆಯಿರಿ.

ಮರಗಳ ವಿಷಯಕ್ಕೆ ಬಂದರೆ ನಮ್ಮ ಕಾಡು ಮಲೆನಾಡಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ ಚಿಂಚೋಳಿಯ ಕಾಡು ಬಹುಪಾಲು ಎಲೆಯುದುರಿಸುವ ಒಣಕಾಡು. ಅಡಿಕೆ, ತೆಂಗು, ಮರದ ತುಂಬ ಜೋತುಬಿದ್ದ ಹಾವಸೆ ಇಲ್ಲಿ ಹೊಂದುವುದಿಲ್ಲ. ತೇಗ, ಮುತ್ತುಗ, ಬೇವು, ಹುಣಸೆ, ಪತ್ರಿ, ಕೆಳಗೆ ಸೀತಾಫಲ, ಕಾರೆ, ಲಂಟಾನ ಇವು ಸಾಕು. ಡಿಸೆಂಬರಿನ ನಕ್ಷೆಗೆ ನೆಲದ ಬಣ್ಣ ಹಸಿರಿಗಿಂತ ಕಂದು ಹೆಚ್ಚಿರಲಿ. ಅಂಗೈಗಿಂತ ದೊಡ್ಡ ತೇಗದ ಒಣ ಎಲೆ ಅಲ್ಲೊಂದು ಇಲ್ಲೊಂದು ಬಿದ್ದಿರಲಿ. ಹಸಿರನ್ನು ನೀರಿನ ದಾರಿಗೆ ಮಾತ್ರ ಮೀಸಲಿಡಿ. ಕಂದು ನೆಲದ ನಡುವೆ ಓಡುವ ಒಂದು ಹಸಿರು ಪಟ್ಟಿಯಲ್ಲಿ ಇರುವ ಜೀವ ಇಡೀ ಹಸಿರು ಹಾಳೆಯಲ್ಲಿ ಇರುವುದಿಲ್ಲ.

ಮರದ ಹರವನ್ನು ಚಿಕ್ಕದು ಮಾಡುವುದು ಇನ್ನೊಂದು ತಪ್ಪು. ಬೆಳೆದ ಆಲದ ಹರವು 60 ಅಡಿಗೂ ಮೀರುತ್ತದೆ, 12 ಮನೆ. ಬೇವಿಗೆ 6 ರಿಂದ 8 ಮನೆ, ತೇಗಕ್ಕೆ 4 ರಿಂದ 5, ಸೀತಾಫಲಕ್ಕೆ 2. ಒಂದು ಮನೆಯ ಮರಗಳಿಂದ ತುಂಬಿದ ಕಾಡು ಕೋಸಿನ ಹೊಲದಂತೆ ಕಾಣುತ್ತದೆ. ಹರವನ್ನು ಪ್ರತ್ಯೇಕ ಲೇಯರಿನಲ್ಲಿ ಇಡಿ, ಇಡೀ ಹಾಳೆಯ ನೂರಕ್ಕೆ 40 ಕ್ಕಿಂತ ಹೆಚ್ಚು ಮುಚ್ಚದಿರಲಿ. ಕಾಡು ಒತ್ತಿ ಬರುವ ಅನುಭವ ಅಂಚುಗಳಿಂದ ಬರಬೇಕು: ಹಾಳೆಯ ಎಡ ಮತ್ತು ಮೇಲಂಚಿನಲ್ಲಿ ಹರವು ದಟ್ಟವಾಗಿ, ಗುಡಿಯ ಕಡೆಗೆ ಬಂದಂತೆ ಬಿಡಿಬಿಡಿಯಾಗಲಿ.

ಕತ್ತಲಿನ ಹದ

ಬಣ್ಣ ಎಷ್ಟೇ ಚೆಂದವಿದ್ದರೂ ಹದ, ಅಂದರೆ ಕತ್ತಲು ಬೆಳಕಿನ ಪ್ರಮಾಣ, ತಪ್ಪಿದರೆ ವಾತಾವರಣ ಹುಟ್ಟದು. ಅರ್ಧ ಗಂಟೆಗೊಮ್ಮೆ ಚಿತ್ರವನ್ನು ಬರಿ ಬೂದುಬಣ್ಣಕ್ಕೆ ತಿರುಗಿಸಿ ನೋಡಿ. ಕಪ್ಪು 0, ಬಿಳುಪು 100 ಎಂದರೆ, ನಡೆಯುವ ನೆಲ 50 ರಿಂದ 65 ರ ನಡುವೆ, ಗೋಡೆಯ ತಲೆ 30 ರಿಂದ 40, ಮರದ ಹರವು 15 ರಿಂದ 25 ಇರಲಿ. 10 ಕ್ಕಿಂತ ಕೆಳಗಿನ ಕಪ್ಪು ಗರ್ಭಗುಡಿಗೆ ಮಾತ್ರ. 80 ಕ್ಕಿಂತ ಮೇಲಿನ ಬೆಳಕು ನವರಂಗದ ಆ ಒಂದು ಚೌಕಕ್ಕೆ ಮಾತ್ರ. ಅತಿ ಕಪ್ಪೂ ಅತಿ ಬಿಳುಪೂ ಒಂದೊಂದೇ ಜಾಗದಲ್ಲಿದ್ದರೆ ಕಣ್ಣು ಅವೆರಡರ ನಡುವೆಯೇ ಓಡಾಡುತ್ತದೆ, ಆಟಗಾರನ ಕಾಯಿಯೂ ಅದೇ ದಾರಿ ಹಿಡಿಯುತ್ತದೆ.

ನೆರಳಿಗೆ ಅಚ್ಚಕಪ್ಪು ಬಳಸಬೇಡಿ. 28, 40, 46 ರಂಥ ನೀಲಿಹಸಿರು ಕಪ್ಪನ್ನು ಮಲ್ಟಿಪ್ಲೈ (ಕೆಳಗಿನ ಬಣ್ಣವನ್ನು ಕಪ್ಪಾಗಿಸುವ ಬಗೆ) ಲೇಯರಿನಲ್ಲಿ ನೂರಕ್ಕೆ 45 ರಷ್ಟು ತೆಳುವಾಗಿ ಹಚ್ಚಿ. ಬಿಸಿಲಿಗೆ ತೆಳು ಕಿತ್ತಳೆಯನ್ನು ಸಾಫ್ಟ್ ಲೈಟ್ (ಮೆಲುವಾಗಿ ಬೆರೆಯುವ ಬಗೆ) ಲೇಯರಿನಲ್ಲಿ ನೂರಕ್ಕೆ 20. ಮಂಜು ಬೇಕಾದರೆ ಕಲ್ಯಾಣಿಯ ಮೇಲೆ ಮತ್ತು ಜಗತಿಯ ಬಲಬದಿಗೆ ಮಾತ್ರ, ನೂರಕ್ಕೆ 12 ಮೀರದಂತೆ. ಇಡೀ ಹಾಳೆಗೆ ಮಂಜು ಹಾಕಿದರೆ ಅದು ಮಂಜಲ್ಲ, ಬಣ್ಣಗೇಡು.

ಮೇಲಿಂದ ಕಾಣದ ಶಿಲ್ಪ

ಗುಡಿಯ ಸೊಬಗೆಲ್ಲ ಗೋಡೆಯ ಹೊರಮೈಯಲ್ಲಿ. ಮೇಲಿಂದ ನೋಡುವ ನಕ್ಷೆಯಲ್ಲಿ ಅದೊಂದೂ ಕಾಣುವುದಿಲ್ಲ. ಜಲಸಂಗವಿಯ ಗುಡಿಯಲ್ಲಿ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತ ಶಾಸನಸುಂದರಿ ಇದ್ದಾಳೆ. ಅಂಥ ಮದನಿಕೆ ನಿಮ್ಮ ನಕ್ಷೆಯ ಗೋಡೆಯಲ್ಲಿ ನಿಂತರೆ ಒಂದು ತಲೆ, ಎರಡು ಭುಜ ಅಷ್ಟೇ ಕಾಣುತ್ತದೆ. ಆದ್ದರಿಂದ ಕಾಣಬೇಕಾದ ಶಿಲ್ಪ ಬಿದ್ದಿರಬೇಕು, ಮುಖ ಮೇಲಾಗಿ ಮಲಗಿರಬೇಕು. ಒಂದೇ ಒಂದು ಸಾಕು. ಜಗತಿಯ ಎಡಬದಿಗೆ, ಬಿಸಿಲು ಬೀಳುವಲ್ಲಿ ಮಲಗಿಸಿ. ಅರ್ಧ ಮಣ್ಣಲ್ಲಿ ಹೂತಿರಲಿ. ವೀರಗಲ್ಲು ಇಡುವುದಾದರೂ ಹೀಗೇ ಮಲಗಿಸಿ: ಕೆಳಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. ಹಾಳುಗುಡಿಯ ಮುಂದಿನ ವೀರಗಲ್ಲಿಗೂ ಅರಿಶಿನ ಕುಂಕುಮ ಹಚ್ಚುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಕಲ್ಲಿನ ನೆತ್ತಿಗೆ ಒಂದು ಕೆಂಪು ಚುಕ್ಕಿ ಇಟ್ಟರೆ ಈ ಕಾಡಿಗೆ ಯಾರೋ ಬಂದುಹೋಗುತ್ತಾರೆ ಎಂಬ ಸುಳಿವು ಆಟಗಾರನಿಗೆ ಸಿಗುತ್ತದೆ.

ಗುಟ್ಟಿನ ಜಾಗಕ್ಕೂ ಈ ನೆಲದಲ್ಲೇ ಮಾದರಿಗಳಿವೆ. 1986ರಲ್ಲಿ ಸನ್ನತಿಯ ಚಂದ್ರಲಾಂಬ ಗುಡಿಯ ಆವರಣದ ಕಾಳಿಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಗರ್ಭಗುಡಿಯ ಪೀಠವನ್ನು ಬೇರು ಒಂದು ಗೇಣು ಸರಿಸಿದಂತೆ ಬಿಡಿಸಿ, ಸರಿದ ಜಾಗದಲ್ಲಿ ಅಕ್ಷರದ ಅಂಚು ಮಾತ್ರ ಕಾಣಲಿ. ಇನ್ನು ಗುಟ್ಟಿನ ದಾರಿ ಬೇಕಿದ್ದರೆ ಬೀದರಿನ ನೌಬಾದಿನ ಕರೇಜ್ ನೆನೆಸಿಕೊಳ್ಳಿ: ನೆಲದಡಿಯಲ್ಲಿ ಕೊರೆದ ಕಾಲುವೆ, ಅಲ್ಲಲ್ಲಿ ಬಾವಿಯಂಥ ಗಂಡಿ. ಹಾಳೆಯ ಮೇಲಿನ ಎಡಮೂಲೆಯ ದಟ್ಟ ಮರದಡಿ 1 ಮನೆಯ ಗಂಡಿ ಇಟ್ಟು, ಅದರ ಇನ್ನೊಂದು ಬಾಯಿಯನ್ನು ಕಲ್ಯಾಣಿಯ ಗೋಡೆಯಲ್ಲಿ, ನೀರಿನ ಮಟ್ಟಕ್ಕೆ ತೆರೆಯಿರಿ. ಎತ್ತರದಿಂದ ತಗ್ಗಿಗೆ ಹರಿಯುವುದರಿಂದ ಇಳಿಜಾರಿನ ಲೆಕ್ಕವೂ ತಪ್ಪುವುದಿಲ್ಲ, ಕಲ್ಯಾಣಿ ಬೇಸಿಗೆಯಲ್ಲೂ ಬತ್ತದ ಕಾರಣವೂ ಸಿಗುತ್ತದೆ.

ಹೆಸರು ಬರೆದು ಹೊರಗೆ ಕಳಿಸುವುದು

ಕನ್ನಡದ ಹೆಸರು ಬರೆಯುವಾಗ ಯುನಿಕೋಡ್ ಫಾಂಟ್ ಬಳಸಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗುತ್ತದೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಸೌಲಭ್ಯದಿಂದ ದೂರವಿರಿ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಕಳಚಿ ಬೇರೆ ನಿಲ್ಲುತ್ತದೆ. ಒತ್ತುಗಳು ಕೆಳಗಿಳಿಯುವುದರಿಂದ ಎರಡು ಸಾಲಿನ ನಡುವೆ ಅಕ್ಷರದೆತ್ತರದ ಒಂದೂವರೆ ಪಟ್ಟು ಜಾಗ ಬಿಡಿ. ಹೆಸರುಗಳ ಲೇಯರ್ ಬೇರೆಯೇ ಇರಲಿ. ಆಟಗಾರರಿಗೆ ಕೊಡುವ ಪ್ರತಿಯಲ್ಲಿ ಗರ್ಭಗುಡಿಯ ಹೆಸರೂ ಇರಬಾರದು.

ಪರದೆಯ ಮೇಲೆ ಆಡುವುದಾದರೆ ಮನೆಗೆ 100 ಪಿಕ್ಸೆಲ್‌ಗೆ ಇಳಿಸಿ, 2800ಕ್ಕೆ 3600. ಯಾವ ಬದಿಯೂ 4096 ಪಿಕ್ಸೆಲ್ ಮೀರದಿದ್ದರೆ ಹಳೆಯ ಲ್ಯಾಪ್‌ಟಾಪ್, ಮೊಬೈಲುಗಳಲ್ಲೂ ತೊಂದರೆಯಿಲ್ಲದೆ ತೆರೆಯುತ್ತದೆ. ಪರದೆಯ ಮೇಲೆ ಆಡಿಸುವ ತಂತ್ರಾಂಶಗಳಲ್ಲಿ ಒಂದಾದ ಫೌಂಡ್ರಿಯಲ್ಲಿ ಮನೆಯ ಮೂಲ ಅಳತೆ 100. ಅಂಥದ್ದೇ ಇನ್ನೊಂದಾದ ರೋಲ್20 ಗೆ 70, ಅಂದರೆ 1960ಕ್ಕೆ 2520. ಅವುಗಳಲ್ಲಿ ಗೋಡೆಯಾಚೆ ಕಾಣದಂತೆ ಕಣ್ಣೋಟ ತಡೆಯುವ ಗೆರೆಯನ್ನು ಗೋಡೆಯ ಹೊರ ಅಂಚಿಗೆ ಎಳೆಯದೆ ಕಾಲು ಮನೆ ಒಳಗೆ ಎಳೆಯಿರಿ, ಆಗ ಗೋಡೆಯ ಮೈ ಆಟಗಾರರಿಗೆ ಕಾಣುತ್ತದೆ. ಬೇರುಗಳಿಗೆ ಆ ಗೆರೆ ಬೇಡ. ಬೇರಿನ ಸಂದಿನಿಂದ ಇಣುಕಿ ನೋಡುವುದೇ ಅಂತರಾಳದ ಸುಖ.

ಕಾಗದಕ್ಕಾದರೆ ಒಂದು ಮನೆ ಒಂದು ಇಂಚು. ಎ4 ಹಾಳೆಯಲ್ಲಿ ಅಂಚು ಬಿಟ್ಟು 7 ಮನೆಗೆ 10 ಮನೆ ಹಿಡಿಯುತ್ತದೆ, ಒಟ್ಟು 16 ಹಾಳೆ. ಮೇಲಿನ ಅಂಚಿನಿಂದ ಹತ್ತು ಹತ್ತು ಮನೆಗೆ ಕತ್ತರಿಸುತ್ತ ಬಂದರೆ ಮೊದಲ ಜೋಡಣೆ ಗರ್ಭಗುಡಿಗೂ ಅಂತರಾಳಕ್ಕೂ ನಡುವೆ, ಹೊಸ್ತಿಲಿನ ಮೇಲೇ ಬೀಳುತ್ತದೆ. ಬಾಗಿಲವಾಡದ ಚಿತ್ರ ಅಲ್ಲಿ ತುಂಡಾಗದಂತೆ ಮೊದಲ ಸಾಲನ್ನು 9 ಮನೆಗೇ ನಿಲ್ಲಿಸಿ. ಆಗ ಆ ಗೆರೆ ಗರ್ಭಗುಡಿಯ ಕತ್ತಲಿನ ನಡುವೆ ಹಾದು ಕಣ್ಣಿಗೆ ಬೀಳದೆ ಹೋಗುತ್ತದೆ.